ಐದು ಡಾಲರಿಗೆ ಮಾರಿದ ಆತ್ಮ

ನವೆಂಬರ್ ತಿಂಗಳು ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲಾದುದು. ಈ ದಿನಗಳಲ್ಲಿ ನಮ್ಮ ಗುರುನಿವಾಸದ ಮೇಜಿನ ಮೇಲೆ ಸಣ್ಣ ಸಣ್ಣ ಚೀಟಿಗಳು ಬಂದು ಸೇರುತ್ತವೆ. ಒಂದೊಂದು ಚೀಟಿಯಲ್ಲಿಯೂ ಅಗಲಿದವರೊಬ್ಬರ ಹೆಸರು, ಅದರ ಮುಂದೆ 'ಆತ್ಮಶಾಂತಿಗಾಗಿ' ಎಂಬ ಒಂದೇ ಮಾತು. ಬಲಿಪೂಜೆಯಲ್ಲಿ ಓದಬೇಕಾದ ಆ ಹೆಸರುಗಳನ್ನು ನಾವು ಜೋಡಿಸುತ್ತಿದ್ದ ಒಂದು ಭಾನುವಾರ, ಧರ್ಮೋಪದೇಶದ ತರಗತಿ ಮುಗಿಸಿ ಬಂದ ಹನ್ನೊಂದು ವರ್ಷದ ಬಾಲಕನೊಬ್ಬ ಬಾಗಿಲಲ್ಲಿ ನಿಂತು ಕೇಳಿದ: "ಫಾದರ್, ಆತ್ಮ ಅನ್ನೋದು ನಿಜವಾಗಿಯೂ ಇದೆಯಾ? ಇಲ್ಲಾ ಮಕ್ಕಳು ಹೆದರಲಿ ಅಂತ ದೊಡ್ಡವರು ಹೇಳೋದಾ?" ಹಿಂದೆಯೇ ಬಂದ ತಾಯಿ ಸಂಕೋಚದಿಂದ ತಲೆ ತಗ್ಗಿಸಿದರು. "ತಪ್ಪು ತಿಳಿಯಬೇಡಿ ಫಾದರ್, ಮೊಬೈಲಿನಲ್ಲಿ ಅದೇನೋ ಅಮೆರಿಕದ ಕಾರ್ಟೂನ್ ನೋಡ್ತಾನೆ. ನೋಡಬಾರದು ಅಂತ ನೀವೇ ಒಂದು ಮಾತು ಹೇಳಿಬಿಡಿ" ಎಂದರು.

ಆ ಒಂದು ಮಾತನ್ನು ನಾವು ಕೂಡಲೇ ಹೇಳಲಿಲ್ಲ. ನೋಡದುದನ್ನು ಖಂಡಿಸುವುದು ಎಂದೋ ಒಂದು ಕಾಲದಲ್ಲಿ ಗುರುಮಠದಲ್ಲಿ ತರ್ಕಶಾಸ್ತ್ರ ಓದಿದವರಿಗೆ ತಕ್ಕುದಲ್ಲ. ಬಾಲಕನಿಂದಲೇ ವಿವರ ಕೇಳಿ ತಿಳಿದು, ಆ ಸಂಚಿಕೆಯನ್ನು ಸಾವಧಾನವಾಗಿ ಕುಳಿತು ನೋಡಿದೆವು. ನೋಡಿದ ಮೇಲೆ ಖಂಡಿಸುವ ಮನಸ್ಸು ಬರಲಿಲ್ಲ. ಓದುಗರೊಡನೆ ಅದನ್ನು ಕುರಿತು ವಿಚಾರ ಮಾಡಬೇಕೆಂಬ ಮನಸ್ಸು ಬಂದಿತು.

'ದಿ ಸಿಂಪ್ಸನ್ಸ್' ಎಂಬುದು ಮ್ಯಾಟ್ ಗ್ರೋನಿಂಗ್ ಎಂಬ ಚಿತ್ರಕಾರನು ಸೃಷ್ಟಿಸಿದ ಹಾಸ್ಯ ಧಾರಾವಾಹಿ. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1989ರ ಡಿಸೆಂಬರ್ 17ರಂದು ಆರಂಭವಾಗಿ, ಇಂದಿಗೆ 750ಕ್ಕೂ ಮೀರಿದ ಸಂಚಿಕೆಗಳನ್ನು ಕಂಡಿದೆ. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಪಟ್ಟಣ. ಅಲ್ಲಿ ಸೋಮಾರಿಯೂ ಹೊಟ್ಟೆಬಾಕನೂ ಆದ ತಂದೆ ಹೋಮರ್, ಸಹನೆಯ ತಾಯಿ ಮಾರ್ಜ್, ಹತ್ತು ವರ್ಷದ ತುಂಟ ಮಗ ಬಾರ್ಟ್, ಅವನಿಗಿಂತ ಎರಡು ವರ್ಷಕ್ಕೆ ಕಿರಿಯಳಾದರೂ ಬುದ್ಧಿಯಲ್ಲಿ ಹಿರಿಯಳಾದ ತಂಗಿ ಲೀಸಾ, ಮಾತು ಬಾರದ ಕೂಸು ಮ್ಯಾಗಿ. ಆರಂಭದ ವರ್ಷಗಳಲ್ಲಿ ಇದನ್ನು ಸಂಸ್ಕಾರಗೇಡಿ ಎಂದು ಜರೆದವರಿಗೆ ಲೆಕ್ಕವಿಲ್ಲ. 1992ರಲ್ಲಿ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಅವರು ಧಾರ್ಮಿಕ ಪ್ರಸಾರಕರ ಸಭೆಯೊಂದರಲ್ಲಿ, ಅಮೆರಿಕದ ಕುಟುಂಬಗಳು ಸಿಂಪ್ಸನ್ ಕುಟುಂಬದಂತಾಗದಿರಲಿ ಎಂಬ ಅರ್ಥದ ಮಾತನ್ನೇ ಆಡಿದ್ದರು. ಆದರೆ ಇದೇ ಧಾರಾವಾಹಿ 20 ವರ್ಷ ಪೂರೈಸಿದಾಗ, 2009ರ ಡಿಸೆಂಬರಿನಲ್ಲಿ, ವ್ಯಾಟಿಕನ್ನಿನ ದಿನಪತ್ರಿಕೆ 'ಲೊಸ್ಸೆರ್ವತೋರೆ ರೊಮಾನೊ' ಇದರ ಗುಣಗ್ರಹಣ ಮಾಡಿ ಲೇಖನ ಪ್ರಕಟಿಸಿತು. ದೂಷಣೆ ಪ್ರಶಂಸೆಗಳೆರಡೂ ಬಂದಿರುವಾಗ ನಾವು ನೋಡಬೇಕಾದುದು ಕೃತಿಯನ್ನೇ.

ಬಾಲಕನು ಹೇಳಿದ ಸಂಚಿಕೆ 1995ರ ಅಕ್ಟೋಬರ್ 8ರಂದು ಪ್ರಸಾರವಾದುದು. ಏಳನೆಯ ಸರಣಿಗೆ ಸೇರಿದುದು. ಬರೆದವರು ಗ್ರೆಗ್ ಡ್ಯಾನಿಯಲ್ಸ್. 'ಬಾರ್ಟ್ ತನ್ನ ಆತ್ಮವನ್ನು ಮಾರುತ್ತಾನೆ' ಎಂಬುದು ಅದರ ಶೀರ್ಷಿಕೆಯ ಅರ್ಥ. ಕಥೆ ಆರಂಭವಾಗುವುದು ದೇವಾಲಯದಲ್ಲಿ. ಅಂದಿನ ಆರಾಧನೆಗೆಂದು ಬಾರ್ಟ್ ಹಂಚಿದ ಹಾಡಿನ ಹಾಳೆ ಕೀರ್ತನೆಯದಲ್ಲ. 1968ರಲ್ಲಿ ಐರನ್ ಬಟರ್‌ಫ್ಲೈ ಎಂಬ ರಾಕ್ ತಂಡ ಹಾಡಿದ 17 ನಿಮಿಷಗಳ ದೀರ್ಘ ಗೀತೆಯದು. ಸಭೆಯವರೆಲ್ಲರೂ ಅದನ್ನು ಭಕ್ತಿಗೀತೆಯೆಂದೇ ನಂಬಿ ಹಾಡುತ್ತಾರೆ. ಆರ್ಗನ್ ನುಡಿಸುವ ವೃದ್ಧೆ ದಣಿದು ಕುಸಿಯುತ್ತಾಳೆ. ಪಾದ್ರಿ ಲವ್‌ಜಾಯ್ ಸಿಟ್ಟಿಗೆದ್ದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸುಳ್ಳು ಹೇಳಿದರೆ ನರಕದಲ್ಲಿ ಏನೇನು ಯಾತನೆ ಕಾದಿದೆಯೆಂಬುದನ್ನು ಅವರ ಬಾಯಿಂದಲೇ ಹೇಳಿಸುತ್ತಾನೆ. ಬಾರ್ಟನ ಗೆಳೆಯ ಮಿಲ್‌ಹೌಸ್ ನಡುಗಿಹೋಗಿ ಗುಟ್ಟು ಬಿಟ್ಟುಕೊಡುತ್ತಾನೆ. ಶಿಕ್ಷೆಯಾಗಿ ಇಬ್ಬರಿಗೂ ಆರ್ಗನ್ನಿನ ಕೊಳವೆಗಳನ್ನು ಉಜ್ಜುವ ಕೆಲಸ ಬೀಳುತ್ತದೆ.

ಅಲ್ಲಿ ನಡೆಯುವ ಸಂಭಾಷಣೆಯೇ ಈ ಕಥೆಯ ಬೀಜ. ಏಕೆ ಹೇಳಿಕೊಟ್ಟೆ ಎಂದು ಬಾರ್ಟ್ ಕೇಳಿದರೆ, ತನ್ನ ಆತ್ಮದ ಗತಿ ನೆನೆದು ಹೆದರಿದೆ ಎನ್ನುತ್ತಾನೆ ಮಿಲ್‌ಹೌಸ್. ಆತ್ಮವೆಂಬುದಿಲ್ಲ, ಅದು ಮಕ್ಕಳನ್ನು ಹೆದರಿಸಲು ಕಟ್ಟಿದ ಗುಮ್ಮನ ಕಥೆ ಎನ್ನುತ್ತಾನೆ ಬಾರ್ಟ್. ಮಿಲ್‌ಹೌಸ್ ಬಿಡದೆ ತಾನು ತಿಳಿದಂತೆ ಆತ್ಮವನ್ನು ವರ್ಣಿಸುತ್ತಾನೆ: ಅದು ಎದೆಯೊಳಗೆ ಇದೆ; ಸೀನಿದಾಗ ಹೊರಗೆ ಹಾರಲು ಹವಣಿಸುತ್ತದೆ; ಯಾರಾದರೂ ದೇವರ ಹೆಸರಿನಲ್ಲಿ ಹರಸಿದರೆ ಒಳಕ್ಕೆ ಮರಳುತ್ತದೆ; ಸಮುದ್ರದಡಿಯಲ್ಲಿ ಸತ್ತರೆ ಈಜುತ್ತದೆ; ಮರುಭೂಮಿಯಲ್ಲಿ ಸತ್ತರೆ ಉರುಳಿಕೊಂಡು ಹೋಗಲು ಅದಕ್ಕೆ ಚಕ್ರಗಳೂ ಇವೆ! ಬಾರ್ಟ್ ನಗುತ್ತಾನೆ. ನಂಬಿಕೆಯಿದ್ದರೆ ಕೊಂಡುಕೋ ಎಂದು ಒಂದು ಕಾಗದದ ಮೇಲೆ 'ಬಾರ್ಟ್ ಸಿಂಪ್ಸನ್ನನ ಆತ್ಮ' ಎಂದು ಬರೆದುಕೊಟ್ಟು ಐದು ಡಾಲರ್ ಪಡೆಯುತ್ತಾನೆ. ಆ ಹಣದಿಂದ ಕೊಂಡದ್ದು ನೀರಿನಲ್ಲಿ ಉಬ್ಬುವ ಸ್ಪಂಜಿನ ಆಟಿಕೆಗಳು.

ಇಲ್ಲಿ ನಮ್ಮಂಥ ಬೋಧಕರು ತುಸು ನಿಲ್ಲಬೇಕು. ಬಾರ್ಟನ ನಾಸ್ತಿಕತೆ ಎಲ್ಲಿ ಹುಟ್ಟಿತು? ಅದು ಪುಸ್ತಕ ಓದಿ ಬಂದದ್ದಲ್ಲ, ಕೆಟ್ಟ ಸಹವಾಸದಿಂದ ಬಂದದ್ದಲ್ಲ. ದೇವಾಲಯದ ಹಿಂಬದಿಯ ಕೋಣೆಯಲ್ಲಿ, ಭಯದ ಮೂಲಕ ಸತ್ಯವನ್ನು ಹಿಂಡಿ ತೆಗೆದ ಗುರುವೊಬ್ಬನ ಕೈಕೆಳಗೆ ಅದು ಹುಟ್ಟಿತು. ಆತ್ಮವೆಂಬ ಮಾತನ್ನು ಮಗು ಮೊದಲು ಕೇಳುವುದೇ ಬೆದರಿಕೆಯ ವಾಕ್ಯದಲ್ಲಾದರೆ, ಬೆದರಿಕೆ ಹಳತಾದ ದಿನ ಆತ್ಮವೂ ಹಳತಾಗುತ್ತದೆ. ನಮ್ಮ ಬಾಗಿಲಲ್ಲಿ ನಿಂತ ಬಾಲಕನು 'ಹೆದರಿಸಲಿಕ್ಕೆ ಹೇಳೋದಾ' ಎಂದಾಗ ಆ ಸಂಶಯವನ್ನು ಕಾರ್ಟೂನು ಅವನಲ್ಲಿ ಬಿತ್ತಿತೆಂದು ಹೇಳಲು ನಮ್ಮ ಮನಸ್ಸಾಕ್ಷಿ ಒಪ್ಪಲಿಲ್ಲ. ಕಾರ್ಟೂನು ಅದಕ್ಕೊಂದು ಮಾತು ಕೊಟ್ಟಿತು, ಅಷ್ಟೆ.

ಇನ್ನು ಮಿಲ್‌ಹೌಸನ ಆತ್ಮಶಾಸ್ತ್ರ. ನಗಬೇಡಿ, ಪ್ರಾಯಸ್ಥರು ಕೂಡ ಆತ್ಮವನ್ನು ದೇಹದೊಳಗೆ ಅಡಗಿರುವ ಇನ್ನೊಂದು ವಸ್ತುವೆಂದೇ ಎಣಿಸುತ್ತ ಬಂದಿದ್ದಾರೆ. ಡೆಕಾರ್ಟನು 17ನೆಯ ಶತಮಾನದಲ್ಲಿ ಮೆದುಳಿನ ನಡುವಣ ಒಂದು ಪುಟ್ಟ ಗ್ರಂಥಿಯನ್ನು ಆತ್ಮದ ಮುಖ್ಯ ಪೀಠವೆಂದನು. ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿದ್ದ ಆರು ರೋಗಿಗಳನ್ನು ತಕ್ಕಡಿಯ ಮೇಲಿನ ಮಂಚದಲ್ಲಿ ಮಲಗಿಸಿ, ಪ್ರಾಣ ಹೋಗುವ ಕ್ಷಣದ ತೂಕ ನೋಡಿ, 1907ರಲ್ಲಿ ಫಲಿತಾಂಶವನ್ನೂ ಪ್ರಕಟಿಸಿದನು. ಆತ್ಮ 21 ಗ್ರಾಂ ತೂಗುತ್ತದೆಂಬ ದಂತಕಥೆ ಹುಟ್ಟಿದ್ದು ಅಲ್ಲಿಂದಲೇ. ವಿಜ್ಞಾನ ಅದನ್ನು ಒಪ್ಪಲಿಲ್ಲ. ತೂಕವಿರುವ ಆತ್ಮಕ್ಕೂ ಚಕ್ರವಿರುವ ಆತ್ಮಕ್ಕೂ ಹೆಚ್ಚಿನ ಅಂತರವಿಲ್ಲ.

ನಮ್ಮ ಪರಂಪರೆ ಹೇಳುವುದು ಬೇರೆ. ಅರಿಸ್ಟಾಟಲನ ದೃಷ್ಟಿಯಲ್ಲಿ ಆತ್ಮವು ದೇಹದೊಳಗೆ ಇಟ್ಟ ಪದಾರ್ಥವಲ್ಲ, ಸಜೀವ ದೇಹವನ್ನು ಸಜೀವವಾಗಿಸುವ ರೂಪತತ್ತ್ವ. ಸಂತ ತೋಮಸ್ ಅಕ್ವಿನಾಸರು ಇದನ್ನೇ ಬೆಳೆಸಿದರು. 1312ರಲ್ಲಿ ವಿಯೆನ್ ಮಹಾಸಭೆ ಧರ್ಮಸಭೆಯ ಬೋಧನೆಯಾಗಿಯೇ ಸ್ವೀಕರಿಸಿತು. ಮನೆಯಲ್ಲಿ ಪೆಟ್ಟಿಗೆ ಇರುವಂತೆ ದೇಹದಲ್ಲಿ ಆತ್ಮವಿಲ್ಲ. ಮಾತಿನಲ್ಲಿ ಅರ್ಥವಿರುವಂತೆ, ರಾಗದಲ್ಲಿ ಭಾವವಿರುವಂತೆ ಇದೆ ಎಂದರೆ ಸ್ವಲ್ಪ ಸಮೀಪವಾದೀತು. ಹೀಗಿರುವಾಗ ಎದೆಯನ್ನು ಬಗೆದು ಅರ್ಥವೆಲ್ಲಿ ಎಂದು ಹುಡುಕಿದರೆ ಸಿಗಲಾರದು. ಚಕ್ರವುಳ್ಳ ಆತ್ಮವಿಲ್ಲವೆಂದ ಬಾರ್ಟ್ ಅಷ್ಟರಮಟ್ಟಿಗೆ ಸರಿಯೇ. ಅವನು ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ವಸ್ತುವಲ್ಲದ್ದು ಇಲ್ಲವೇ ಇಲ್ಲ ಎಂದು ತೀರ್ಮಾನಿಸಿದನು, ಇಲ್ಲದ್ದನ್ನು ಮಾರಿದರೆ ನಷ್ಟವೇನು ಎಂದುಕೊಂಡನು.

ನಷ್ಟವೇನೆಂಬುದನ್ನು ಕಥೆ ವಾದದಿಂದ ತೋರಿಸುವುದಿಲ್ಲ, ಅನುಭವದಿಂದ ತೋರಿಸುತ್ತದೆ. ಅಂಗಡಿಯ ತನ್ನಷ್ಟಕ್ಕೆ ತೆರೆಯುವ ಗಾಜಿನ ಬಾಗಿಲು ಬಾರ್ಟ್ ಬಂದಾಗ ತೆರೆಯುವುದಿಲ್ಲ. ಐಸ್‌ಕ್ರೀಮ್ ಪೆಟ್ಟಿಗೆಯ ತಣ್ಣನೆಯ ಗಾಜಿನ ಮೇಲೆ ಉಸಿರು ಬಿಟ್ಟರೆ ಮಂಜು ಕಟ್ಟುವುದಿಲ್ಲ. ಸಾಕಿದ ನಾಯಿ ಬೆಕ್ಕುಗಳು ಅವನನ್ನು ಕಂಡು ಗುರುಗುಟ್ಟುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ದಿನವೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ ಕಾರ್ಟೂನು ನೋಡಿದರೂ ನಗು ಬರುವುದಿಲ್ಲ. ಇದು ನಗುವ ಸಂಗತಿಯೆಂದು ಅವನ ಬುದ್ಧಿಗೆ ತಿಳಿದಿದೆ. ಆದರೂ ನಗು ಹುಟ್ಟುತ್ತಿಲ್ಲ. ಹಾಸ್ಯ ತಿಳಿಯುವುದು ಬೇರೆ, ನಗುವುದು ಬೇರೆ. ಬಹುಶಃ ಇಡೀ ಸಂಚಿಕೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ತತ್ತ್ವವಿಚಾರ ಇನ್ನೊಂದಿಲ್ಲ.

ತಾಯಿ ಮಾರ್ಜಳ ದೃಶ್ಯವನ್ನೂ ಮರೆಯಲಾಗದು. ಮಗನ ಮುಖ ಬಾಡಿದ್ದನ್ನು ಕಂಡು ಅವಳು ಪ್ರಶ್ನೆ ಕೇಳಿ ಪೀಡಿಸುವುದಿಲ್ಲ, ಅಪ್ಪಿಕೊಳ್ಳುತ್ತಾಳೆ. ಅಪ್ಪುಗೆಯಿಂದಲೇ ಕಾರಣವನ್ನು ಒಂದೊಂದಾಗಿ ತಡವಿ ನೋಡಿ, ಇದಲ್ಲ, ಅದಲ್ಲ ಎಂದು ಬಿಡುತ್ತಾ, ಕೊನೆಗೆ ನಿನ್ನಲ್ಲಿ ಏನೋ ಮುಖ್ಯವಾದದ್ದು ಇಲ್ಲದಂತೆ ತೋರುತ್ತಿದೆ ಎನ್ನುತ್ತಾಳೆ. ಆತ್ಮವೇ ಇಲ್ಲದಂತೆಯೇ ಎಂದು ಮಗ ಕೇಳಿದಾಗ, ನೀನೇನು ರಾಕ್ಷಸನಲ್ಲವಲ್ಲ ಎಂದು ಸಮಾಧಾನ ಹೇಳುತ್ತಾಳೆ. ಪಾದ್ರಿಯ ವಿಚಾರಣೆಗೆ ಕಾಣದ್ದು ತಾಯಿಯ ತೋಳುಗಳಿಗೆ ತಿಳಿಯಿತು.

ಇದರ ಜೊತೆಗೇ ಇನ್ನೊಂದು ಉಪಕಥೆ ನಡೆಯುತ್ತದೆ. ಊರಿನ ಸಾರಾಯಿ ಅಂಗಡಿಯ ಮಾಲೀಕ ಮೋ, ಹೆಚ್ಚಿನ ಹಣದಾಸೆಗೆ ತನ್ನ ಅಂಗಡಿಯನ್ನು ಸಂಸಾರವಂದಿಗರ ಹೋಟೆಲಾಗಿ ಬದಲಿಸುತ್ತಾನೆ. ಬಿಲ್ಲು ಕೊಡುವಾಗ ತಾನು ನಗದಿದ್ದರೆ ಊಟ ಉಚಿತವೆಂದು ಸಾರುತ್ತಾನೆ. ಹುಟ್ಟು ಸಿಡುಕನಾದ ಅವನು ಆ ಕೂಲಿಯ ನಗೆಯನ್ನು ಹೊತ್ತು ಹೊತ್ತು ಬಳಲಿ, ಕೊನೆಗೊಂದು ದಿನ ಒಬ್ಬ ಪುಟ್ಟ ಹುಡುಗಿಯ ಮೇಲೆ ಸಿಡಿದುಬೀಳುತ್ತಾನೆ. ಒಬ್ಬನಿಗೆ ನಗು ಬಾರದು, ಇನ್ನೊಬ್ಬನ ನಗು ಮಾರಾಟಕ್ಕಿದೆ. ಎರಡು ಕಥೆಗಳೂ ಒಂದೇ ಪ್ರಶ್ನೆಯನ್ನು ಎರಡು ಕಡೆಯಿಂದ ಕೇಳುತ್ತವೆ.

ಆತ್ಮ ಮಾರಿದವರ ಕಥೆ ಪಶ್ಚಿಮಕ್ಕೆ ಹೊಸದಲ್ಲ. ಮಾರ್ಲೋ, ಗಯಟೆ ಮುಂತಾದ ಮಹಾಕವಿಗಳು ಫೌಸ್ಟನ ಐತಿಹ್ಯವನ್ನು ನಾಟಕವಾಗಿಸಿದ್ದಾರೆ. ಅಲ್ಲಿ ಕೊಳ್ಳುವವನು ಪಿಶಾಚಿ; ಬೆಲೆಯಾದರೂ ಜ್ಞಾನ, ಅಧಿಕಾರ, ಭೋಗ. ಇಲ್ಲಿ ಪಿಶಾಚಿಯಿಲ್ಲ, ರಕ್ತದ ಸಹಿಯಿಲ್ಲ. ಕೊಳ್ಳುವವನು ಪಕ್ಕದ ಬೆಂಚಿನ ಗೆಳೆಯ. ಬೆಲೆ ಐದು ಡಾಲರ್. ನಮ್ಮ ಕಾಲಕ್ಕೆ ಈ ಕಥೆಯೇ ಹೆಚ್ಚು ಹತ್ತಿರವೆಂದು ನಾವು ಭಾವಿಸಿದ್ದೇವೆ. ಲೋಕವನ್ನೆಲ್ಲ ಗೆದ್ದು ಪ್ರಾಣವನ್ನು ನಷ್ಟಪಡಿಸಿಕೊಂಡವನಿಗೆ ಲಾಭವೇನೆಂದು ಯೇಸುಸ್ವಾಮಿ ಕೇಳಿದರು. ಇಂದು ಲೋಕವನ್ನೆಲ್ಲ ಗೆಲ್ಲುವ ಮಾತು ಹಾಗಿರಲಿ, ಸ್ಪಂಜಿನ ಆಟಿಕೆಗೇ ವ್ಯಾಪಾರ ಮುಗಿದುಹೋಗುತ್ತದೆ.

ಇದು ಕಟ್ಟುಕಥೆಯ ಮಾತಷ್ಟೇ ಅಲ್ಲ. 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ಕಂಪ್ಯೂಟರ್ ಆಟಗಳ ಮಾರಾಟ ಸಂಸ್ಥೆ, ತನ್ನ ಅಂತರ್ಜಾಲ ಮಳಿಗೆಯ ನಿಬಂಧನೆಗಳ ನಡುವೆ ತಮಾಷೆಗಾಗಿ ಒಂದು ಸಾಲು ಸೇರಿಸಿತು. ಗ್ರಾಹಕನು ತನ್ನ ಅಮರ ಆತ್ಮದ ಮೇಲಿನ ಹಕ್ಕನ್ನು ಸಂಸ್ಥೆಗೆ ಬಿಟ್ಟುಕೊಡುತ್ತಾನೆ ಎಂಬುದೇ ಆ ನಿಬಂಧನೆ. ಅದನ್ನು ಗಮನಿಸಿ ನಿರಾಕರಿಸಿದವರಿಗೆ ಐದು ಪೌಂಡಿನ ಕೊಡುಗೆ ಚೀಟಿಯೂ ಇತ್ತು. ಸುಮಾರು 7,500 ಮಂದಿ ಓದದೆಯೇ ಒಪ್ಪಿಗೆ ಒತ್ತಿದ್ದರು. ಬಾರ್ಟನಿಗಾದರೂ ಐದು ಡಾಲರ್ ಸಿಕ್ಕಿತು. ಇವರು ಐದು ಪೌಂಡ್ ಕೈಬಿಟ್ಟು ಕೊಟ್ಟರು. ತಮಾಷೆ ನಿಜ. ಆದರೆ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತುವಾಗ ಏನನ್ನು ಕೊಡುತ್ತಿದ್ದೇವೆಂದು ಓದುವ ಅಭ್ಯಾಸ ನಮ್ಮಲ್ಲಿ ಎಷ್ಟು ಮಂದಿಗಿದೆ?

ಬರೀ ಕಾಗದ ತಾನೇ ಎಂಬ ಸಮಾಧಾನ ನಮಗೂ ಚಿರಪರಿಚಿತವಾದುದು. ಸುಳ್ಳೆಂದು ತಿಳಿದಿದ್ದರೂ ಪ್ರಮಾಣಪತ್ರಕ್ಕೆ ಹಾಕಿದ ಸಹಿ. ನ್ಯಾಯಾಲಯದಲ್ಲಿ ನೆಂಟನಿಗಾಗಿ ನುಡಿದ ಸಾಕ್ಷಿ. ಮದುವೆಯ ಮಾತುಕತೆಯ ದಿನ ಯಾರಿಗೂ ಕಾಣದಂತೆ ಮಡಿಚಿ ಕೊಟ್ಟ ವರದಕ್ಷಿಣೆಯ ಪಟ್ಟಿ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲ ಸಂದಿಯಿಂದ ಬಂದ ನೋಟು. ಇವುಗಳಲ್ಲಿ ಯಾವುದೂ ಪಿಶಾಚಿಯೊಡನೆ ಮಾಡಿಕೊಂಡ ಒಪ್ಪಂದದಂತೆ ತೋರುವುದಿಲ್ಲ. ಮರುದಿನ ಸೂರ್ಯನು ಹುಟ್ಟುತ್ತಾನೆ, ಊಟ ರುಚಿಸುತ್ತದೆ. ಆದರೆ ಎಂದೋ ಒಂದು ದಿನ ಮನೆಯವರೆಲ್ಲ ನಗುವಾಗ ನಮಗೆ ನಗು ಬಾರದು. ಪ್ರಾರ್ಥನೆಗೆ ಕುಳಿತರೆ ಮಾತು ಬಾಯಿಂದ ಬರುತ್ತದೆ, ಒಳಗಿನಿಂದ ಬಾರದು. ಗಾಜಿನ ಮೇಲೆ ಮಂಜು ಕಟ್ಟದ ಉಸಿರು ಅದೇ.

ಕಥೆಗೆ ಮರಳೋಣ. ಬಾರ್ಟ್ ಒಂದು ಕನಸು ಕಾಣುತ್ತಾನೆ. ಪಟ್ಟಣದ ಮಕ್ಕಳೆಲ್ಲ ತಂತಮ್ಮ ಆತ್ಮಗಳೊಡನೆ ಜೊತೆಯಾಗಿ ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಾ ದೂರದ ಹೊಳೆಯುವ ನಗರದತ್ತ ಸಾಗುತ್ತಾರೆ. ಇವನೊಬ್ಬನೇ ತನ್ನ ದೋಣಿಯಲ್ಲಿ ಇದ್ದಲ್ಲಿಯೇ ಸುತ್ತುತ್ತಾನೆ. ಹಿಂದಕ್ಕೆ ಕೊಡೆಂದು ಗೆಳೆಯನನ್ನು ಬೇಡಿದರೆ ಬೆಲೆ 50 ಡಾಲರಿಗೆ ಏರಿದೆ. ಊಟದ ಮೇಜಿನಲ್ಲಿ ಲೀಸಾ ಪ್ರಾರ್ಥನೆಯ ನೆಪದಲ್ಲಿ ತನ್ನ ಆತ್ಮ, ತಾಯಿಯ ಆತ್ಮ, ತಂದೆಯ ಆತ್ಮ ಎಂದು ಒಂದೊಂದಾಗಿ ಹೆಸರಿಸಿ ಅಣ್ಣನನ್ನು ಚುಚ್ಚುತ್ತಾಳೆ. ಅವನು ತಾಳಲಾರದೆ ಎದ್ದು ರಾತ್ರಿಯೆಲ್ಲ ಊರು ಅಲೆಯುತ್ತಾನೆ. ಮಿಲ್‌ಹೌಸನನ್ನು ಹುಡುಕಿ ಹಿಡಿದರೆ, ಅವನು ಆ ಕಾಗದವನ್ನು ಆಟದ ಬಿಲ್ಲೆಗಳಿಗಾಗಿ ಚಿತ್ರಕಥೆ ಪುಸ್ತಕದ ಅಂಗಡಿಯವನಿಗೆ ಕೊಟ್ಟುಬಿಟ್ಟಿದ್ದಾನೆ. ಅಂಗಡಿಯವನು ಅದನ್ನು ಆಗಲೇ ಇನ್ನಾರಿಗೋ ಮಾರಿದ್ದಾನೆ. ಆತ್ಮವಿಲ್ಲವೆಂದ ಹುಡುಗ ಮನೆಗೆ ಬಂದು ಮಂಡಿಯೂರಿ ದೇವರನ್ನು ಕರೆದು ಅಳುತ್ತಾನೆ. ಆಗ ಅವನ ಮುಂದೆ ಆ ಕಾಗದ ತೇಲಿ ಬಂದು ಬೀಳುತ್ತದೆ. ತನ್ನ ಹುಂಡಿಯಲ್ಲಿ ಕೂಡಿಟ್ಟಿದ್ದ ಹಣ ಕೊಟ್ಟು ಅದನ್ನು ಕೊಂಡು ತಂದವಳು ಲೀಸಾ.

ಆತ್ಮವನ್ನು ಯಾರೂ ಹುಟ್ಟುತ್ತಲೇ ಪಡೆದಿರುವುದಿಲ್ಲ. ಕಷ್ಟದಿಂದ, ಚಿಂತನೆಯಿಂದ, ಪ್ರಾರ್ಥನೆಯಿಂದ ಗಳಿಸಬೇಕು ಎಂದು ಕೆಲವು ತತ್ತ್ವಜ್ಞಾನಿಗಳ ಮತ ಎಂಬುದಾಗಿ ಅವಳು ಅಣ್ಣನಿಗೆ ವಿವರಿಸುತ್ತಾಳೆ. ಧರ್ಮಸಭೆಯ ಬೋಧನೆ ಹಾಗಲ್ಲವೆಂದು ನಾವು ಸ್ಪಷ್ಟಪಡಿಸಬೇಕು. ಪ್ರತಿಯೊಂದು ಆತ್ಮವೂ ದೇವರ ನೇರ ಸೃಷ್ಟಿ. 12ನೆಯ ಭಕ್ತಿನಾಥರು 1950ರ ವಿಶ್ವಪತ್ರದಲ್ಲಿ ಇದನ್ನು ಮತ್ತೆ ನೆನಪಿಸಿದ್ದಾರೆ. ಗಳಿಸಿದವರಿಗೆ ಮಾತ್ರ ಆತ್ಮವಿದೆಯೆಂದರೆ ತೊಟ್ಟಿಲ ಕೂಸಿಗೆ, ಬುದ್ಧಿ ಬೆಳೆಯದವರಿಗೆ, ಮರೆವಿನ ರೋಗದ ವೃದ್ಧರಿಗೆ ಗತಿಯೇನು? ಆದರೆ ಅವಳ ಮಾತಿನಲ್ಲಿ ತಿರುಳಿಲ್ಲದಿಲ್ಲ. ತಂದೆ ಬಿಟ್ಟುಹೋದ ಗದ್ದೆಯೂ ಉತ್ತವನಿಗೇ ಗದ್ದೆ, ಬೀಳುಬಿಟ್ಟವನಿಗೆ ಬರೀ ದಾಖಲೆ. ಆತ್ಮ ದಾನವಾಗಿ ಬಂದದ್ದು. ಅದನ್ನು ತನ್ನದಾಗಿಸಿಕೊಳ್ಳುವ ದುಡಿಮೆ ಬಾಳಿನುದ್ದಕ್ಕೂ ಉಳಿದಿರುತ್ತದೆ.

ಆದರೆ ಆ ಮಾತಿಗಿಂತ ಅವಳ ಹುಂಡಿಯೇ ನಮ್ಮನ್ನು ಹೆಚ್ಚು ಕಾಡಿತು. ನಾವು ವಿಮೋಚನೆ ಎನ್ನುವ ಮಾತಿನ ಲತೀನ್ ಮೂಲ 'ರೆದೆಂಪ್ತಿಯೋ'. ಬೆಲೆ ತೆತ್ತು ಮರಳಿ ಕೊಳ್ಳುವುದೆಂದೇ ಅದರ ಅರ್ಥ. ಅಡವಿಟ್ಟ ಒಡವೆಯನ್ನು ಬಿಡಿಸಿ ತರುವ ಕಷ್ಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಥೆಯಲ್ಲಿ ಮೊದಲಿನಿಂದಲೂ ಸರಿಯಾಗಿ ಮಾತಾಡಿದವಳು ಲೀಸಾ. ಅಣ್ಣ ಮಾರಿದ ಕೂಡಲೇ ಬೈದಳು, ಎಚ್ಚರಿಸಿದಳು, ಊಟದ ಮೇಜಿನಲ್ಲಿ ಹಂಗಿಸಿದಳು. ಅವಳ ವಾದಗಳೆಲ್ಲ ಸರಿ. ಅವುಗಳಿಂದ ಅಣ್ಣನಿಗೆ ಏನೂ ಮರಳಲಿಲ್ಲ. ಅವಳು ಯಾರಿಗೂ ಹೇಳದೆ ಹುಂಡಿ ಒಡೆದಾಗ ಮರಳಿತು. ಕಳೆದುಕೊಂಡವನು ತಾನೇ ಅದನ್ನು ಕೊಳ್ಳಲಾರದೆ ಹೋದ. ಅವನ ಪರವಾಗಿ ಇನ್ನೊಬ್ಬರು ಬೆಲೆ ತೆರಬೇಕಾಯಿತು. ಕ್ರೈಸ್ತ ವಿಶ್ವಾಸದ ಹೃದಯವೇ ಇದು. ಪೀಠದಲ್ಲಿ ನಿಂತು ಬೋಧಿಸುವ ನಾವು ಲೀಸಾಳ ಕಥೆಯ ಮೊದಲರ್ಧವನ್ನು ಚೆನ್ನಾಗಿ ಅಭಿನಯಿಸುತ್ತೇವೆ. ದಾರಿ ತಪ್ಪಿದ ಒಂದು ಮಗುವಿಗಾಗಿ ನಮ್ಮ ಹುಂಡಿಯಿಂದ ಹೋದದ್ದು ಏನು, ನಮ್ಮ ಸಮಯದಿಂದ ಹೋದದ್ದು ಎಷ್ಟು ಎಂದು ಕೇಳಿದರೆ ಉತ್ತರಿಸಲು ತಡವರಿಸುತ್ತೇವೆ.

ಕೃತಿ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ಗುರುಹಿರಿಯರನ್ನು ಗೇಲಿ ಮಾಡುವ ಅದರ ಧಾಟಿ ಎಲ್ಲ ವಯಸ್ಸಿಗೂ ಹಿತವಲ್ಲ. ಚಿಕ್ಕ ಮಕ್ಕಳನ್ನು ಅದರೆದುರು ಒಂಟಿಯಾಗಿ ಬಿಡುವುದು ವಿವೇಕವಲ್ಲ. ಆದರೆ ಮೊಬೈಲನ್ನು ಕಸಿದುಕೊಂಡ ಮಾತ್ರಕ್ಕೆ ಪ್ರಶ್ನೆಯನ್ನು ಕಸಿದುಕೊಂಡಂತಾಗದು. ತಂದೆತಾಯಿಗಳು ಪಕ್ಕದಲ್ಲಿ ಕುಳಿತು ನೋಡಲಿ, ಮಗು ನಕ್ಕಾಗ ಏಕೆ ನಕ್ಕಿತೆಂದು ಕೇಳಲಿ ಎಂಬುದೇ ನಮ್ಮ ವಿನಂತಿ.

ಮುಂದಿನ ಭಾನುವಾರ ಆ ಬಾಲಕ ಮತ್ತೆ ಬಂದ. ಮೇಜಿನ ಮೇಲಿದ್ದ ಖಾಲಿ ಚೀಟಿಯೊಂದನ್ನೂ ಪೆನ್ನನ್ನೂ ಅವನ ಮುಂದೆ ಇಟ್ಟು, "ಇಲ್ಲವೇ ಇಲ್ಲದ್ದಾದರೆ ನಮಗೆ ಬರೆದುಕೊಡು, ಹತ್ತು ರೂಪಾಯಿ ಕೊಡುತ್ತೇವೆ" ಎಂದೆವು. ಅವನು ನಕ್ಕು ಪೆನ್ನು ಎತ್ತಿಕೊಂಡ. ತನ್ನ ಹೆಸರಿನ ಮೊದಲ ಅಕ್ಷರ ಬರೆದ. ಆಮೇಲೆ ಪಕ್ಕದ ಚೀಟಿಗಳತ್ತ ನೋಡಿದ. ಅವುಗಳಲ್ಲಿ ಹಿಂದಿನ ವರ್ಷ ತೀರಿಕೊಂಡ ಅವನ ಅಜ್ಜಿಯ ಹೆಸರೂ ಇತ್ತು. ಪೆನ್ನು ಕೆಳಗಿಟ್ಟು, "ಬೇಡ ಫಾದರ್" ಎಂದ. ಏಕೆ ಎಂದು ನಾವು ಕೇಳಲಿಲ್ಲ. ಅಂದಿನ ಪೂಜೆಯಲ್ಲಿ ಅಜ್ಜಿಯ ಹೆಸರಿನ ಚೀಟಿಯನ್ನು ಅವನ ಕೈಯಿಂದಲೇ ಓದಿಸಿದೆವು.